ಏಳನೇ ತಿರುವಿನ ತಪ್ಪು

ದುರ್ಗಿಗುಡಿಯ ಒಳಗಲ್ಲಿಯಲ್ಲಿ, ಟೈಲರ್ ಅಂಗಡಿಯ ಮೇಲೆ
ನನ್ನದೊಂದು ಗೇಮ್ ಪಾರ್ಲರು. ಐದು ಕಂಪ್ಯೂಟರು,
ಒಂದು ಸ್ಟೀರಿಂಗು, ಮೂರು ಪೆಡಲು,
ಕರೆಂಟು ಹೋದರೆ ಹತ್ತು ನಿಮಿಷ ತಾಳುವ ಯುಪಿಎಸ್ಸು.
ಅರ್ಧ ಗಂಟೆಗೆ ಮೂವತ್ತು ರೂಪಾಯಿ.
ಗುಂಡು ಹಾರಿಸುವ ಹುಡುಗರ ನಡುವೆ ಒಂದು ದಿನ
ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟು, ಗುಡಿಗೆ ಬಂದ ಹಾಗೆ,
ಒಳಗೆ ಬಂದರು ಶಿಕಾರಿಪುರದ ಹುಚ್ಚರಾಯಪ್ಪ:
"ಇಲ್ಲಿ ಬಸ್ಸು ಇದೆಯಂತೆ?"

ಮೂವತ್ತೊಂದು ವರ್ಷ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು.
ಈಗ ಸಕ್ಕರೆ ಕಾಯಿಲೆ, ಒಂದು ಕಣ್ಣು ಮಂಜು,
ಲೈಸೆನ್ಸು ಬೀರುವಿನಲ್ಲಿ, ಹೆಂಡತಿಯ ಧಾರೆ ಸೀರೆಯ ಕೆಳಗೆ.

ಆಟದೊಳಗೆ ಆ ಘಾಟಿ ಕಟ್ಟಿದವನು ತೌಸೀಫ್,
ಪಾಲಿಟೆಕ್ನಿಕ್ ಎರಡನೇ ವರ್ಷ. ಅವನಿಗೊಂದೇ ಹಠ:
ಎಲ್ಲ ನಿಜದ ಹಾಗೇ ಇರಬೇಕು.
ಬೈಕಲ್ಲಿ ಹೋಗಿ ಹದಿನಾಲ್ಕೂ ತಿರುವುಗಳ ಫೋಟೋ ಹೊಡೆದು
ಕಲ್ಲಿನ ಪಾಚಿಯನ್ನೂ ಬಿಡದೆ ಅಂಟಿಸಿದ್ದಾನೆ.
"ಏನು ಕಡಿಮೆ ಹೇಳಿ ಅಜ್ಜ" ಎಂದು ನೋಟ್‌ಬುಕ್ಕು ತೆಗೆದು ಕೂತ.

ಇಳಿಯುವಾಗ ಎರಡನೇ ಗೇರು; ಮೂರಕ್ಕೆ ಹಾಕಿದವನು
ಸೋಮೇಶ್ವರ ಕಾಣುವುದಿಲ್ಲ.
ಹತ್ತಿ ಬರುವವನಿಗೆ ದಾರಿ ಮೊದಲು.
ಮಂಗ ಹೆದರೋದಿಲ್ಲ, ನಾವೇ ಹೆದರಬೇಕು.
ಮೂರನೇ ಸೀಟಿನ ಹೆಂಗಸು ಕಿಟಕಿ ಸರಿಸಿದರೆ
ಕನ್ನಡಿ ನೋಡಬೇಡ, ನಿಂಬೆಹಣ್ಣು ಹಿಂದೆ ದಾಟಿಸು.

ತೌಸೀಫ್ ಎಲ್ಲ ಹಾಕಿದ, ನಿಂಬೆಹಣ್ಣೊಂದು ಬಿಟ್ಟು.
ಬ್ರೇಕು ಕಾಯತೊಡಗಿತು, ಡೀಸೆಲ್ಲು ತೀರತೊಡಗಿತು,
ವೈಪರು ಕಿರುಗುಟ್ಟುತ್ತ ಅರ್ಧ ಗಾಜು ಮಾತ್ರ ಒರೆಸಿತು.
ಅವರು ಆಡಿದರು. ಬೆನ್ನು ಒದ್ದೆ,
ಮುಷ್ಟಿ ಬಿಗಿ, ದವಡೆ ಬಿಗಿ. ಸೋಮೇಶ್ವರ ಮುಟ್ಟಿ
ಎದ್ದು, ಟವೆಲ್ಲಿನಿಂದ ಕತ್ತು ಒರೆಸಿಕೊಂಡು
"ಚೆನ್ನಾಗಿದೆ ಕಣಪ್ಪ. ಸಂಬಳ ಎಷ್ಟು ಕೊಡ್ತೀಯ?"

ಹುಡುಗ ನಕ್ಕ. ಅದು ಹೊಗಳಿಕೆಯಲ್ಲ ಅಂತ
ನನಗೂ ತಡವಾಗಿ ಹೊಳೆಯಿತು.
ಹತ್ತು ದಿನ ಬರಲಿಲ್ಲ.

ಬಂದದ್ದು ಒಂದು ಮಂಗಳವಾರ. ಪಾರ್ಲರು ಖಾಲಿ.
ಏಳನೇ ತಿರುವಿನಲ್ಲಿ ತೌಸೀಫನ ಕೈತಪ್ಪು:
ತಡೆಗೋಡೆ ಕಾಣುತ್ತದೆ, ಗಟ್ಟಿ ಇಲ್ಲ.
ಹೊಗೆಯೊಳಗೆ ಹೊಕ್ಕ ಹಾಗೆ ಬಸ್ಸು ಗೋಡೆಯೊಳಗೆ ಹೊಕ್ಕು
ಆಚೆ ಹೋಯಿತು. ಬೀಳಲಿಲ್ಲ.
ಬರಿಗಾಳಿಯ ಮೇಲೆ ಚಕ್ರ ತಿರುಗುತ್ತ,
ಹದಿನೆಂಟು ಪ್ರಯಾಣಿಕರು ಅದೇ ಮುಖ ಹೊತ್ತು ಕೂತು,
ಕೆಳಗೆ, ತೌಸೀಫ್ ಮರ ನೆಡಲು ಮರೆತ ಕಣಿವೆ,
ಸ್ಲೇಟಿಗೆ ಮಗು ಬಳಿದಂಥ ಒಂದೇ ಹಸಿರು,
ದೂರದಲ್ಲಿ ಚಪ್ಪಟೆ ಸೂರ್ಯ, ಬಿಲ್ಲೆಯ ಹಾಗೆ.

ನಾನು ಮೌಸಿಗೆ ಕೈ ಹಾಕಿದೆ. "ಬೇಡ" ಅಂದರು.
ಬ್ರೇಕಿನಿಂದ ಕಾಲು ತೆಗೆದರು.
ಆ ಕಾಲು ಮಡಿಸಿ ಕುರ್ಚಿಯ ಮೇಲಿಟ್ಟುಕೊಂಡು
ಅರಳಿಕಟ್ಟೆಯಲ್ಲಿ ಕೂತವರ ಹಾಗೆ ಕೂತರು.
"ದೂರದೂರದಿಂದ ಕ್ಯಾಮೆರಾ ಹಿಡ್ಕೊಂಡು ಬರೋರು ತಂಗಿ
ಆ ಸೂರ್ಯನ್ನ ನೋಡೋಕೆ.
ನಾನು ನೋಡಿದ್ದು ಎದುರಿನ ಟೈರು."

ತೌಸೀಫನಿಗೆ ಹೇಳಿದೆ. ಒಂದು ಸಾಲಿನ ಕೆಲಸ,
ಈಗಲೇ ಸರಿಮಾಡ್ತೀನಿ ಅಂದ. ಬೇಡವೋ ಅಂದೆ.
ಜಗಳ ತೆಗೆದ: ನಿಜಕ್ಕೆ ಬಸ್ಸು ತೇಲುತ್ತಾ ಅಕ್ಕ?
ನಿಜಕ್ಕೆ ಆ ತಿರುವಿನಲ್ಲಿ ಬಸ್ಸಿಗೆ ಏನಾಗುತ್ತದೆಂದು
ಆ ಮನುಷ್ಯನಿಗೆ ಗೊತ್ತು, ನಿನಗೆ ಗೊತ್ತಿಲ್ಲ, ಅಂದೆ.
ನನಗೂ ಗೊತ್ತಿಲ್ಲ. ಕೇಳಿಲ್ಲ.

ಅಜ್ಜ ಈಗ ಬೇಡುವುದು ಒಂದೇ ಒಂದು ನಿಜ.
ಕಂಪ್ಯೂಟರಿನ ಸೀಟಿ ಆಗದಂತೆ,
ಹತ್ತಿದವರನ್ನು ಎಣಿಸದೆ ಊದಿಬಿಡುತ್ತದಂತೆ.
ಹಾಗಾಗಿ ನಾನು ಕೌಂಟರು ಬಿಟ್ಟು ಬಂದು
ಅವರ ಹಿಂದಿನ ಕಪಾಟಿನ ತಗಡಿಗೆ
ಎರಡು ಸಲ ಬಡಿದು "ರೈಟ್" ಅನ್ನುತ್ತೇನೆ.
ಅವರು, ಕನ್ನಡಿಯಿಲ್ಲದ ಜಾಗದಲ್ಲಿ ಕನ್ನಡಿ ನೋಡಿ,
ಗೇರು ಹಾಕುತ್ತಾರೆ.