ಜಿಗಿ

"ನೆಲಾ ಬಿಡಬೇಕ್ರಿ ಅಮ್ಮಾ," ಅಂದಾ
ನನ್ನ ಮಮ್ಮಗನ ವಾರಿಗಿ ಡಾಕ್ಟರ.
ಬೆಳಕಿಗೆ ಹಿಡಿದ ಫೋಟೋದಾಗ
ಬಟ್ಟಲದಾಗ ಕುಂತಂಗ ಎರಡು ಗುಂಡು ಎಲುವು.
ಬಲಗಡೆ ನಡುವ ಒಂದು ಕರೀ ಗೆರಿ ಐತಿ,
ಎಡಗಡೆ ಗೆರೀನ ಇಲ್ಲ.
"ಎಲುವಿಗೆ ಎಲುವು ತಿಕ್ಕಾಕತ್ತೈತಿ.
ಚಕ್ಕಳಬಕ್ಕಳ ಬ್ಯಾಡ, ಕುಕ್ಕರಗಾಲ ಬ್ಯಾಡ,
ಚಾಪಿ ಬ್ಯಾಡ, ಮಣಿ ಬ್ಯಾಡ."

ನಾ ನಕ್ಕೆ.
ನೆಲಾ ಬಿಡೂದು ನಮಗ ಹೊಸಾದಲ್ಲಪ್ಪಾ.
ಹಳೇ ಬಾಗಲಕೋಟಿಯೊಳಗ ನಮ್ಮ ಒಲಿ ಇದ್ದ ಜಾಗಾದಾಗ
ಈಗ ಮೀನ ಅಡ್ಡಾಡ್ತಾವ.
ಗ್ವಾಡಿಗೆ ನಂಬರ ಬರದ್ರು, ಹೊಳಿ ಹಿನ್ನೀರು ಬಂತು,
ಹಂಚು, ಕೊಣಮಿಗಿ, ಒಂದು ಪರಸಿಗಲ್ಲು
ಟ್ರ್ಯಾಕ್ಟರಿಗೆ ಹಾಕ್ಕೊಂಡು ನವನಗರಕ್ಕ ಬಂದ್ವಿ.
ಅವಾಗ ಕಾಲೆರಡೂ ಜೋಡೀಲೆ ಬಂದಿದ್ವು.

ಮೂವತ್ತೊಂದು ವರ್ಷ.
ಎಡಗಾಲ ಮಡಚಿ, ಬಲಗಾಲ ಚಾಚಿ,
ದಿನಾ ಎರಡನೂರಾ ಐವತ್ತು ರೊಟ್ಟಿ.
ಲಗ್ನದ ಸುಗ್ಗಿಯೊಳಗ ಖಟಿ ರೊಟ್ಟಿ ಸಾವಿರ.
ನಾ ರೊಟ್ಟಿ ಎಣಿಸಿದೆ, ಟೊಂಕ ಬ್ಯಾರೆ ಏನೋ ಎಣಿಸಿತ್ತು.
ಬಾಕಿ ಕೇಳಾಕ ಬರೂದು ನಡರಾತ್ರಿ,
ಮಗ್ಗಲ ಬದಲಿಸುವಾಗ.

ಅದೂ ಖರೇ ವಿಳಾಸ ಹೇಳೂದಿಲ್ಲ.
ಎರಡು ವರ್ಷ ಮೊಣಕಾಲಿಗೆ ಎಣ್ಣಿ ತಿಕ್ಕೀನಿ,
ಕಳ್ಳ ಕುಂತಿದ್ದು ತೊಡಿಸಂದಿನ್ಯಾಗ.
ಕಾಲುಂಗುರ ಸರಿಸಾಕ ಬಗ್ಗಿದರ ಕೈ ಮುಟ್ಟವಲ್ದು;
ನನ್ನ ಪಾದ ನನಗ ಪರಊರು.
ಸೊಸಿ ಸಾವಕ್ಕ ಉಗುರು ಕತ್ತರಸ್ತಾಳ,
ನಾ ಮಾರಿ ಆಕಡೆ ತಿರುಗಿಸ್ತೀನಿ.

ಬಡಿಗ್ಯಾರ ಮೌನೇಶ ಟೇಪ ತಂದು
ನನ್ನ ಮೊಣಕೈತನಾ ಅಳತಿ ತಗೊಂಡ.
ಬೇವಿನ ಕಟ್ಟಿಗಿ, ನಾಕು ದಪ್ಪನ ಕಾಲು,
ಅದರ ಮ್ಯಾಲ ಹಳೇ ಮನಿ ಪರಸಿಗಲ್ಲು ಕೂಡಿಸಿದ.
ನೆಲಾನ ಎದ್ದು ನನ್ನ ಟೊಂಕದಮಟ ಬಂತು.

ಆದರೂ ಮೊದಲ ವಾರ ಎಲ್ಲಾ ರೊಟ್ಟಿ ಅಂಚು ಸೀಳಿದ್ವು.
ನಿಂತು ಬಡಿದರ ಸಪ್ಪಳಾನ ಬ್ಯಾರೆ,
ಯಾರದೋ ಮನ್ಯಾಗ ಯಾರೋ ಬಡದಂಗ.
ಖಾನಾವಳಿಯಂವ ಫೋನ ಮಾಡಿ ಕೇಳಿದ:
"ಆಯಿ, ಕೈ ಬದಲಾತೇನು?"
ಕೈ ಅಲ್ಲೋ, ಅಂತ ಹೇಳಿ ಇಟ್ಟೆ.

ಹಳೇ ಗಲ್ಲ್ಯಾಗ ಗ್ವಾಡಿ ಹಂಚಿಕೊಂಡಿದ್ದ ಮಾಲನಬಿ
ಆಟೋ ಹಿಡಿದು ಬಂದ್ಲು ನೋಡಾಕ.
ಆಕೀಗೆ ಮೊಣಕಾಲು; ನಮಾಜೂ ಕುರ್ಚಿ ಮ್ಯಾಲೇನ.
"ನೆಲಕ್ಕ ಹಣಿ ಹಚ್ಚದ ದುವಾ ಮುಟ್ಟತೈತೋ ಇಲ್ಲೋ ಅಂತ
ಮೊದಲ ಅಂಜಿಕಿ ಇತ್ತು."
ಈಗ?
"ಈಗ ಕುರ್ಚಿ ಕಾಲಿಗೆ ರಬ್ಬರ ಹಾಕಸೀನಿ,
ಕರಕರ ಸಪ್ಪಳ ಆಗಬಾರ್ದಂತ."
ಇಬ್ಬರೂ ಚಾ ಕುಡಿದ್ವಿ,
ಕಾಲು ಇಳಿಬಿಟ್ಟು, ಶಾಲಿ ಹುಡುಗ್ಯಾರಂಗ.

ಎಡಗಾಲು ನೊಂದರ ಬಲಗೈಯಾಗ ಬಡಗಿ.
ಏರುವಾಗ ಚಲೋ ಕಾಲು ಮುಂದ,
ಇಳಿಯುವಾಗ ನೊಂದ ಕಾಲು ಮುಂದ.
ಬಾಯಿಪಾಠ ಆಗೇತಿ, ಆದರೂ
ಮೂರನೇ ಮೆಟ್ಟಲದಾಗ ತಪ್ಪತೀನಿ.
ಗುಳಿಗಿ ಉಂಡ ಮ್ಯಾಲ, ಹಸದ ಹೊಟ್ಟಿಲೆ ಅಲ್ಲ.

ಬೀಸಿ ಬಾಳ ದಿನಾ ಆದ ಹಿಟ್ಟಿನ್ಯಾಗ ಜಿಗಿ ಇರೂದಿಲ್ಲ.
ಹಂಗಂತ ಯಾರೂ ತಿಪ್ಪಿಗೆ ಚೆಲ್ಲೂದಿಲ್ಲ.
ಎಸರು ಇನ್ನಷ್ಟು ಕುದಿಸಿ, ಸ್ವಲ್ಪ ಸ್ವಲ್ಪ ಹನಿಸಿ,
ಅಂಗೈ ಬುಡಲೇ ಒತ್ತಿ ಒತ್ತಿ ನಾದಬೇಕು.
ಅಗಲ ಬರೂದಿಲ್ಲ.
ಬೆರಳ ಮುಂದ ಅಂಗೈಯಷ್ಟು ಅಗಲ ನಿಲ್ಲತೈತಿ,
ಅಲ್ಲೇ ಕೈ ಬಿಡಬೇಕು.

ರಾತ್ರಿ ಬಿಸಿನೀರಿನ ಚೀಲ ತೊಡಿಸಂದಿಗೆ ಇಟ್ಟು
ಮಂಚದಾಗ ಮಲಗಿ ಎಡಗಾಲ ಎತ್ತತೀನಿ,
ಡಾಕ್ಟರ ಹೇಳಿದ್ದು ಹತ್ತು ಸಲ.
ನಿನ್ನೆ ಎಂಟಾಗಿತ್ತು.
ಇವತ್ತ ಆರಕ್ಕ ನಿಂತಿತು.
ದೀಪಾ ತಗಿ, ಸಾವಕ್ಕಾ.
ಮುಂಜಾನೆ ಗಿರಣಿಗೆ ಜೋಳಾ ಕಳಿಸೂದೈತಿ.