ಅತ್ತೆ ಉಜ್ಜಿದ ಗೋಡೆ

ಮೊದಲು ಕಂಡದ್ದು ಅತ್ತೆಗೇ.
ನಮ್ಮಲ್ಲಿ ಬೇರೆ ಪರದೆ ಇಲ್ಲ, ಪಡುಗೋಡೆಯೇ ಪರದೆ,
ಸುಣ್ಣ ಕಂಡು ನಾಲ್ಕು ವರ್ಷವಾದದ್ದು.
ಸಿನಿಮಾದಲ್ಲಿ ರಾತ್ರಿಯಾಗಿ ಯಾರೋ ದೀಪ ಆರಿಸಿದಾಗ
ಎಡಕ್ಕೆ, ಕಿಟಕಿಯಿಂದ ಮೊಳದಾಚೆ
ಒಂದು ಹಸಿರು ಮಬ್ಬು.
ಅಂಚಿಲ್ಲದ್ದು, ಕೆರೆಯ ತಳದ ಪಾಚಿಯಂಥದ್ದು.

"ಗೋಡೆಗೆ ಬೂಷ್ಟು" ಅಂದರು.
ಬೂಷ್ಟು ಹಿಡಿಯಲು ನುಕುಸ್‌ನಲ್ಲಿ ಪಸೆ ಎಲ್ಲಿದೆ?
ಮೂಗಿನೊಳಗೂ ಒಣಗುವ ಊರು ಇದು.
ಆದರೆ ಉಲ್ಬೋಸಿನ್ ಅಂದರೆ
ಮುಂದಿನದಾದರೂ ಗಂಡಾಗಲಿ ಎಂದು ಇಟ್ಟ ಹೆಸರು;
ಆ ಹೆಸರು ಹೊತ್ತು ಬೆಳೆದವರು ಹಠ ಬಿಡುವುದಿಲ್ಲ.

ನಾನು ಹಲ್ಲಿನ ಆಸ್ಪತ್ರೆಗೆ ಹೊರಟ ಮೇಲೆ
ಬಕೆಟ್ಟು, ಸೋಡಾ, ಮಗನ ಹಳೆಯ ಬನಿಯನ್ನು.
ಸಂಜೆ ಮನೆಯೆಲ್ಲ ಒದ್ದೆ ಸುಣ್ಣದ ವಾಸನೆ.
ರಾತ್ರಿ ಮಬ್ಬು ಇದ್ದಲ್ಲೇ ಇತ್ತು.
ಎದ್ದು ಹೋಗಿ ಅಂಗೈಯಿಂದ ಒರೆಸಿದರು,
ಕಲೆ ಜಿಗಿದು ಮುಂಗೈ ಮೇಲೆ ಕೂತಿತು.
ಕೈ ತೆಗೆದರೆ ಗೋಡೆಗೆ. ಇಟ್ಟರೆ ಕೈಗೆ.
ಐಜಾದಾ ನಕ್ಕು ನಕ್ಕು ದಿಂಬಿನಿಂದ ಉರುಳಿದಳು.
ಅತ್ತೆ ನಗಲಿಲ್ಲ. ಎಪ್ಪತ್ತೊಂದರ ಕೈಯನ್ನು
ಬೆಳಕಿನಲ್ಲಿ ತಿರುವಿ ತಿರುವಿ ನೋಡಿಕೊಂಡರು,
ಕಲೆ ತನ್ನದೇ ಇರಬಹುದೇನೋ ಎಂಬಂತೆ.

ಮಾರಿಬಿಡೋಣ ಅಂದ ಪರಾಖತ್.
ತಾಷ್ಕೆಂಟಿನ ಸಂತೆಯಲ್ಲಿ ಕೊಂಡ ಹಳೇ ಪ್ರೊಜೆಕ್ಟರು,
ಯಾವುದೋ ಶಾಲೆಯ ಚೀಟಿ ಇನ್ನೂ ಬೆನ್ನಿಗಿದೆ.
ಮಾರುವ ಮುಂಚೆ ನಾನೊಮ್ಮೆ ಬಿಚ್ಚುತ್ತೇನೆ ಅಂದೆ.
ಹದಿಮೂರು ವರ್ಷ ಕಂಡವರ ಬಾಯಿಗೆ ಕೈ ಹಾಕಿದವಳಿಗೆ
ಇದೇನು ಮಹಾ ಬಾಯಿ?

ಭಾನುವಾರ. ದೀಪ ತಣ್ಣಗಾಗುವಷ್ಟರಲ್ಲಿ ಎರಡು ಸಲ ಚಹಾ.
ರೊಟ್ಟಿಯ ಹಾಸಿನ ಮೇಲೆ ಬೇಡ ಎಂದರು ಅತ್ತೆ,
ಇಸ್ತ್ರಿ ಮೇಜಿಗೆ ಒಯ್ದೆ.
ಹನ್ನೊಂದು ಸ್ಕ್ರೂ, ಚಹಾದ ಬಟ್ಟಲಲ್ಲಿ ಟಿಣ್ ಟಿಣ್.
ಮುಚ್ಚಳ ಎತ್ತಿದರೆ
ಫ್ಯಾನಿನ ರೆಕ್ಕೆಗಳಿಗೆ ಬೂದುಬಣ್ಣದ ಉಣ್ಣೆಯಂಗಿ,
ಜಾಲರಿಯಲ್ಲಿ ಒಂದು ಬೆಕ್ಕಿನ ಕೂದಲು.
ನಮಗೆ ಬೆಕ್ಕಿಲ್ಲ.

ಪರಾಖತ್ ಬೆರಳ ತುದಿಗೆ ಧೂಳು ಹಚ್ಚಿ ನಾಲಗೆಗೆ ಮುಟ್ಟಿಸಿದ.
"ಉಪ್ಪು" ಅಂದ. ತುಸು ತಡೆದು, "ಕಡಲು."
ಅವನ ಅಜ್ಜ ಮೊಯ್ನಾಕ್‌ನಲ್ಲಿ ಮೀನು ಹಿಡಿದವರು.
ಬತ್ತಿದ ಆ ಕಡಲಿನ ತಳ ಗಾಳಿಯೇರಿ
ನಮ್ಮ ಕಿಟಕಿಯವರೆಗೆ ಬರುವುದು ಸುಳ್ಳೇನಲ್ಲ.
ಕುಡಿದಾಗ ಅವನು ಎಲ್ಲದರಲ್ಲೂ ಕಡಲು ಕಾಣುತ್ತಾನೆ.
ಅವತ್ತು ಕುಡಿದಿರಲಿಲ್ಲ.
ಆ ಮೀನುಗಾರನ ಮಗಳು ಕನ್ನಡಕ ಏರಿಸಿ ಬಗ್ಗಿ ನೋಡಿ
"ಕಡಲೂ ಇಲ್ಲ, ಎಂಥದೂ ಇಲ್ಲ.
ನಿನ್ನ ಹೆಂಡತಿ ಒಳಗೇ ಕಂಬಳಿ ಕೊಡವುತ್ತಾಳೆ" ಅಂದರು.

ಒಳಗೆ ಮೂರು ಗಾಜು, ಉಗುರಿಗಿಂತ ಚೂರು ದೊಡ್ಡವು,
ಕೆಂಪಿಗೊಂದು, ನೀಲಿಗೊಂದು, ಹಸಿರಿಗೊಂದು.
ಹಲ್ಲಿನ ಹಿಂದೆ ನೋಡುವ ಪುಟ್ಟ ಕನ್ನಡಿ ಇಳಿಸಿದೆ.
ಹಸಿರಿನ ಮೂಲೆಯಲ್ಲಿ ಒಂದು ಎಳೆ,
ರೆಪ್ಪೆಗೂದಲಿನ ಕಾಲು ಭಾಗ.
ಇಷ್ಟಕ್ಕೆ ಗೋಡೆಯ ಮೇಲೆ ತಟ್ಟೆಯಗಲ ದೌಲತ್ತು!
ಬಾಯಿಂದ ಊದಬಾರದು, ಉಸಿರಿಗೆ ಹಸಿ ಇರುತ್ತದೆ;
ಆಸ್ಪತ್ರೆಯ ರಬ್ಬರು ಬುರುಡೆ ತಂದಿದ್ದೆ, ಯಾರನ್ನೂ ಕೇಳದೆ.
ಒತ್ತಿದೆ. ಅಲ್ಲಾಡಿತು, ಹೋಗಲಿಲ್ಲ. ಒತ್ತಿದೆ.
ಎಲ್ಲರೂ ಉಸಿರು ಬಿಗಿಹಿಡಿದಿದ್ದರು, ಅತ್ತೆಯೂ.
ನಾಲ್ಕನೆಯದಕ್ಕೆ ಕನ್ನಡಿಯಲ್ಲಿ ಬರೀ ಗಾಜು.
ಎಲ್ಲಿಗೆ ಹಾರಿತೋ. ಕೋಣೆಯಲ್ಲೇ ಎಲ್ಲೋ ಇರಬೇಕು.

ಹತ್ತು ಸ್ಕ್ರೂ ಹಿಂದಕ್ಕೆ ಹೋದವು.
ಒಂದು ಐಜಾದಾಳ ಜೇಬಿಗೆ.

ರಾತ್ರಿ ಅದೇ ಸಿನಿಮಾ. ಕತ್ತಲು
ಮೂಲೆಮೂಲೆಯವರೆಗೂ ಕತ್ತಲಾಗಿಯೇ ಇತ್ತು.
ಪರಾಖತ್ ಚಪ್ಪಾಳೆ ತಟ್ಟಿದ.
ಆಮೇಲೆ ಗೋಡೆಯಲ್ಲಿ ಬೆಳಗಾಯಿತು. ಹಿಮದ ಬಯಲು.
ಎಡಕ್ಕೆ, ಕಿಟಕಿಯಿಂದ ಮೊಳದಾಚೆ,
ಒಂದು ತಟ್ಟೆಯಗಲ ಹಿಮ
ಮಿಕ್ಕ ಹಿಮಕ್ಕಿಂತ ಬೆಳ್ಳಗೆ.

ಯಾರೂ ಮಾತಾಡಲಿಲ್ಲ.
ಕುದುರೆಯವನೊಬ್ಬ ಅದನ್ನು ಹಾಯುವಾಗ
ಅವನ ಮುಖ ಫಕ್ಕನೆ ಬೆಳಗಿ ಮತ್ತೆ ಮಾಸಿತು.
"ಉಳಿದ ಗೋಡೆ ಕೊಳೆ" ಅಂದರು ಅತ್ತೆ.
"ಬೆಳಿಗ್ಗೆ ಹೋಗುವಾಗ ಬಕೆಟ್ಟು ಇಲ್ಲೇ ಇಟ್ಟು ಹೋಗು."