ಹಾಜರಿ ಪುಸ್ತಕದ ಕೊನೆಯ ಪುಟ

ನಾನು ತೋಟದ ರೈಟರ್.
ಬರೆಯುವುದೆಂದರೆ ಹಾಜರಿ, ಅರ್ಧ ದಿನ, ಕಿಲೋ, ಮುಂಗಡ.
ಇದು ಅದ್ಯಾವುದೂ ಅಲ್ಲ; ಆದ್ದರಿಂದ ಕೊನೆಯ ಪುಟದಲ್ಲಿ,
ಪೆನ್ಸಿಲಿನಲ್ಲಿ.

ಜನವರಿ. ಚೆಟ್ಟಳ್ಳಿಯ ಬಿಸಿಲು ಕಣದ ತುಂಬ.
ರೊಬಸ್ಟಾ ಒಣಗಿ ಗಲಗಲ ಅನ್ನುವ ಹೊತ್ತಿಗೆ ಇಬ್ಬರು ಬಂದರು:
ಹನಿನೀರಿನ ಪೈಪು ಜೋಡಿಸಲು ಇಸ್ರೇಲಿನ ನಿತ್ಸಾನ್,
ಕಾಫಿಯ ರುಚಿ ನೋಡಲು ಜಾವಾದ ಸುವರ್ಣಿ.
ಹೆಸರು ಕೇಳಿ, ನಾಪೋಕ್ಲು ಕಡೆಯವಳೇ ಅಂದುಕೊಂಡು
ಯಾವ ಮನೆಯವರು ಎಂದು ಕೇಳಿಯೂ ಬಿಟ್ಟೆ.

ಹರಡಿದ ಕಾಫಿಯ ಮೇಲೆ ಅವನು ಬೆರಳಲ್ಲಿ ಬರೆದ,
ಬಲದಿಂದ ಎಡಕ್ಕೆ, ಮೂರೇ ಅಕ್ಷರ:
ಸ್, ಫ್, ರ್.
ಸ್ವರ ನೀನೇ ಹಾಕಿಕೊ, ಅಂದ.
ಒಂದು ಸ್ವರ ಹಾಕಿದರೆ ಪುಸ್ತಕ,
ಇನ್ನೊಂದು ಹಾಕಿದರೆ ಕ್ಷೌರಿಕ,
ಮತ್ತೆ ಬದಲಿಸಿದರೆ ಗಡಿನಾಡು,
ಮತ್ತೂ ಬದಲಿಸಿದರೆ, ಎಣಿಸಿದನು.
ಬೀಜ ಅದೇ, ಹುರಿದ ಹದ ಬೇರೆ, ಅಂದೆ.
ಎಣಿಸಿದನು ಎಂಬುದು ನನ್ನದೆಂದು
ಒಳಗೇ ಗುರುತು ಹಾಕಿಕೊಂಡೆ.

ಅವಳು ಎಡದಿಂದ ಶುರುಮಾಡಿದಳು.
ಸುತ್ತು, ಕೊಂಬು, ಬಾಲ: ನಮ್ಮ ಓಲೆಗರಿಯ ದಾಯಾದಿ.
ಒತ್ತಕ್ಷರದ ಹಾಗೆ ಕೆಳಗೆ ಜೋತುಬಿದ್ದ ಜೊತೆಯಕ್ಷರ.
ವ್ಯಂಜನದ ಹೊಟ್ಟೆಯಲ್ಲಿ ಅಕಾರ ಹುಟ್ಟಾ ಇರುತ್ತದೆ, ನಮ್ಮಂತೆಯೇ;
ಅದನ್ನು ಅಡಗಿಸುವ ಗುರುತಿಗೆ ಅವರಿಟ್ಟ ಹೆಸರು ಮಡಿಲು.
ಮಡಿಲಲ್ಲಿ ಕೂರಿಸಿ ಬಾಯಿ ಮುಚ್ಚಿಸುವುದು!
ನನ್ನ ತಂಗಿಯ ಮಗುವಿಗೆ ಈ ಉಪಾಯ ಫಲಿಸಿಲ್ಲ.

ನೀರಿಗೆ ಅವನು ಮಾಯಿಮ್ ಅನ್ನುತ್ತಾನೆ, ಯಾರೆದುರೂ.
ಅವಳು ತಮ್ಮನೊಡನೆ ಬಞು, ಅತ್ತೆಯೆದುರು ತೊಯೊ,
ಬರೆಯುವಾಗ ತೋಯ.
ತೋಯ!
ಎಂಟನೇ ತರಗತಿಯ ಹಳಗನ್ನಡದಲ್ಲಿ
ಅರ್ಥ ಬರೆದು ಮರೆತ ಪದ
ಸಮುದ್ರದಾಚೆ ಅವಳ ಅತ್ತೆಯ ಲೋಟದಲ್ಲಿ ಕೂತಿದೆ.

ಉಣ್ಣುವುದಕ್ಕೆ ಅವಳಲ್ಲಿ ಮೆಟ್ಟಿಲು ಮೂರು.
ಗೆಳತಿ ಉಂಡರೆ ಮಙನ್
(ಶಾಲೆ ಬಿಟ್ಟ ಮೇಲೆ ನನ್ನ ಪೆನ್ಸಿಲಿಗೆ ಸಿಕ್ಕ ಮೊದಲ ಙ),
ಹಿರಿಯರೆದುರು ತನ್ನ ಊಟ ಹೇಳಿಕೊಂಡರೆ ನೆಡೊ,
ಹಿರಿಯರೇ ಉಂಡರೆ ಡಹರ್.
ಅವನಲ್ಲಿ ಮೆಟ್ಟಿಲೇ ಇಲ್ಲ:
ದೇವರಿಗೂ ನೀನು, ಮಂತ್ರಿಗೂ ನೀನು, ನಾಯಿಗೂ ನೀನು;
ಆದರೆ ಗಂಡು ನೀನು ಬೇರೆ, ಹೆಣ್ಣು ನೀನು ಬೇರೆ.
ಅವಳ ಮಾತಿಗೆ ಅವನೂ ಅವಳೂ ಒಂದೇ.
ಒಬ್ಬರು ಎತ್ತರ ಅಳೆದು ಬಾಯಿ ತೆರೆಯುತ್ತಾರೆ,
ಒಬ್ಬರು ಗಂಡೋ ಹೆಣ್ಣೋ ನೋಡಿ.
ನಾವು ಎರಡನ್ನೂ ನೋಡುತ್ತೇವೆ,
ಮೇಲೆ ಎಷ್ಟು ಎಕರೆ ಎಂದೂ.

ಮಧ್ಯಾಹ್ನ, ಕಣ ಕೆದಕುವ ಬೊಳ್ಕ ಊಟಕ್ಕೆ ಕೂತ.
ಅರವತ್ತು ದಾಟಿದೆ. ಯಜಮಾನರ ಹತ್ತು ವರ್ಷದ ಮೊಮ್ಮಗನಿಗೂ
ಅವನು ಬೊಳ್ಕ, ಬಾರೋ.
ನನ್ನ ಪುಸ್ತಕದಲ್ಲೂ ಅಷ್ಟೇ; ಮನೆತನವಿಲ್ಲ, ಇನಿಷಿಯಲ್ ಇಲ್ಲ.
ಸುವರ್ಣಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು,
ಸೊಂಟ ಬಾಗಿಸಿ,
ಮೊಂಗೊ, ಡಹರ್, ಅಂದಳು.
ಮೂರನೇ ಮೆಟ್ಟಿಲು.
ಅವನಿಗೆ ಹೇಗೆ ತಿಳಿಯಬೇಕು?
ಆದರೂ ಎದ್ದ. ತಲೆಯ ವಸ್ತ್ರ ಬಿಚ್ಚಿ ಕೈ ಒರೆಸಿಕೊಂಡು
ತಟ್ಟೆ ತೆಗೆದುಕೊಂಡ.

ಅದೇ ಹೊತ್ತಿಗೆ ಜೀಪಿನಿಂದ ಇಳಿದ ಯಜಮಾನರಿಗೆ
ನಿತ್ಸಾನ್ ಗುಡ್ಡದ ಮೇಲಿಂದ ಕೂಗಿದ, ನಾನೇ ಕಲಿಸಿದ ಕನ್ನಡದಲ್ಲಿ:
ನೀನು, ವಾಲ್ವ್ ತಿರುಗಿಸು!
ಕಣ ಉಸಿರು ಬಿಗಿಹಿಡಿಯಿತು.
ಯಜಮಾನರು ತಿರುಗಿಸಿದರು.
ನೀರು ಬಂತು.

ನನ್ನ ಮನೆಮಾತು ಅರೆಭಾಷೆ.
ಹೆಸರಿನಲ್ಲೇ ಅರ್ಧ ದಿನದ ಹಾಜರಿ.
ಅವಳ ವರ್ಣಮಾಲೆ ಶುರುವಾಗುವುದೇ ಹ, ನ ಎಂದು;
ಕೂಡಿಸಿ ಓದಿದರೆ, ಇದೆ ಎಂದರ್ಥವಂತೆ.
ಅವನು ಅದಕ್ಕೆ ಯೇಷ್ ಅಂದ.
ನಮ್ಮಲ್ಲಿ ಉಟ್ಟು, ಅಂದೆ ನಾನು,
ಮೊದಲ ಸಲ ಹೊರಗಿನವರೆದುರು ತಗ್ಗಿಸದ ದನಿಯಲ್ಲಿ.

ಸಂಜೆ ಬೊಳ್ಕ ಗೋರುಮಣೆ ಎಳೆದ.
ಎಡದ್ದೂ ಬಲದ್ದೂ ಕಾಫಿಗೆ ಬೆರೆತುಹೋದವು.
ನಾನು ಪುಸ್ತಕ ತೆರೆದು, ಗೆರೆ ಹಾಕುವ ಜಾಗದಲ್ಲಿ ಬರೆದೆ:
ಬೊಳ್ಕಣ್ಣನವರು. ಉಟ್ಟು.

ಯಜಮಾನರು ಕೇಳಿದರೆ
ಅಕ್ಷರ ತಪ್ಪಿದೆ ಅನ್ನುತ್ತೇನೆ.